ತಲಿ ಹೊಟ್ಟಿಗಿ, ಮೊಡವಿಗಿ ಟೀ ಟ್ರೀ ಆಯಿಲ್: ಎಷ್ಟ್ ಹನಿ, ಹೆಂಗ ಹಚ್ಚೋದು, ಯಾವಾಗ ಬಿಡೋದು

"ಟೀ ಟ್ರೀ ಆಯಿಲ್ ತಲಿಗಿ ಹಂಗೇ ಹಚ್ಕೋಬಹುದಾ?", "ಕೊಬ್ರಿ ಎಣ್ಣ್ಯಾಗ ಹಾಕಿ ರಾತ್ರಿ ಪೂರಾ ಬಿಟ್ರ ನಡೀತದಾ?", "ಮೊಡವಿಗಿ ಹಚ್ಚೀನಿ, ಮಾರಿ ಕೆಂಪಾಗ್ಯಾದ, ಈಗೇನ್ ಮಾಡ್ಲಿ?" ಈ ಮೂರು ಪ್ರಶ್ನೆ ತಿರುಗಿ ತಿರುಗಿ ಬರ್ಲಿಕತ್ತಾವ, ಒಬ್ಬೊಬ್ಬರಿಗಿ ಬ್ಯಾರೆ ಬ್ಯಾರೆ ಹೇಳೋದಕ್ಕಿಂತ ಒಂದೇ ಕಡಿ ಬರದ್ ಇಡ್ತೀನಿ. ಗಡಿಬಿಡಿ ಇದ್ದವರಿಗಿ ಉತ್ತರ ಇಷ್ಟೇ: ಹಂಗೇ ಹಚ್ಚಬ್ಯಾಡ್ರಿ, ರಾತ್ರಿ ಪೂರಾ ಬಿಡಬ್ಯಾಡ್ರಿ, ಕೆಂಪಾಗಿದ್ರ ಇವತ್ತೇ ಬಿಡ್ರಿ. ತೆಳ್ಳಗ ಮಾಡಿ ಹಚ್ಚಿದ್ರಷ್ಟೇ ಇದು ಔಷಧಿ, ದಪ್ಪ ಹಚ್ಚಿದ್ರ ಚರ್ಮ ಸುಟ್ಟು ಮತ್ತೊಂದು ರೋಗ ತಂದ್ಕೊಂಡಂಗ.

ಮೊದ್ಲ ಇದೇನು ಅಂತ ಸ್ವಲ್ಪ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಕಡಿ ಬೆಳೆಯೋ ಮೆಲಲ್ಯೂಕಾ ಆಲ್ಟರ್ನಿಫೋಲಿಯಾ ಅನ್ನೋ ಗಿಡದ ಎಲಿಗಿ ಉಗಿ ಹಾಯಿಸಿ ತಗಿಯೋ ಎಣ್ಣಿ ಇದು. ನಾವು ಕುಡಿಯೋ ಚಹಾ ಗಿಡಕ್ಕೂ ಇದಕ್ಕೂ ಸಂಬಂಧ ಇಲ್ಲ, ಹಂಗಾಗಿ ಚಹಾಪುಡಿ ಕುದಿಸಿದ ನೀರು ತಲಿಗಿ ಹಾಕ್ಕೊಂಡ್ರ ಇದರ ಕೆಲಸ ಆಗಲ್ಲ. ಇದರಾಗ ಕೆಲಸ ಮಾಡೋ ಮುಖ್ಯ ಅಂಶದ ಹೆಸರು ಟರ್ಪಿನೆನ್-4-ಆಲ್, ಒಳ್ಳೆ ಎಣ್ಣ್ಯಾಗ ಇದು ಕಮ್ಮಿ ಅಂದ್ರ 35 ಪರ್ಸೆಂಟ್ ಇರಬೇಕು ಅಂತ ಅಂತಾರಾಷ್ಟ್ರೀಯ ಮಾನದಂಡ ಅದ.

ತಲಿ ಹೊಟ್ಟು ಯಾಕಾಗ್ತದ? ಎಲ್ಲಾರ ತಲಿ ಮ್ಯಾಲೂ ಮಲಸೇಜಿಯಾ ಅನ್ನೋ ಫಂಗಸ್ (ಬೂಷ್ಟಿನ ಜಾತಿ) ಇದ್ದೇ ಇರ್ತದ. ಅದು ತಲಿ ಜಿಡ್ಡು ತಿಂದು ಬದುಕ್ತದ, ತಿಂದು ಬಿಟ್ಟಿದ್ದು ಕೆಲವರ ಚರ್ಮಕ್ಕ ಆಗಿಬರಲ್ಲ, ಆವಾಗ ತುರಕಿ, ಆಮ್ಯಾಲ ಪದರ ಪದರ ಉದುರೋದು. ಮೊಡವಿದು ಬ್ಯಾರೆ ಕತಿ, ಅಲ್ಲಿ ಜಿಡ್ಡಿನ ರಂಧ್ರ ಕಟ್ಕೊಂಡು ಒಳಗ ಒಂದು ಬ್ಯಾಕ್ಟೀರಿಯಾ ಹೆಚ್ಚಾಗ್ತದ. ಟೀ ಟ್ರೀ ಎಣ್ಣಿ ಈ ಎರಡನ್ನೂ ಸ್ವಲ್ಪ ಮಟ್ಟಿಗಿ ತಡೀತದ. ಸ್ವಲ್ಪ ಮಟ್ಟಿಗಿ ಅಂದಿದ್ದು ಗಮನಾ ಇರ್ಲಿ. 2002 ರಾಗ ಆಸ್ಟ್ರೇಲಿಯಾದಾಗ 126 ಮಂದಿ ಮ್ಯಾಲ ಒಂದು ಅಧ್ಯಯನ ಆಗಿತ್ತು, 5 ಪರ್ಸೆಂಟ್ ಟೀ ಟ್ರೀ ಇರೋ ಶಾಂಪೂ ನಾಲ್ಕು ವಾರ ಹಚ್ಚಿದವರಿಗಿ ಹೊಟ್ಟು 41 ಪರ್ಸೆಂಟ್ ಕಮ್ಮಿ ಆಯ್ತು, ಅದಿಲ್ಲದ ಶಾಂಪೂ ಹಚ್ಚಿದವರಿಗಿ 11 ಪರ್ಸೆಂಟ್. ಛಲೋನೇ ಅದ, ಆದ್ರ ಪೂರಾ ಹೋಯ್ತು ಅಂತ ಅಲ್ಲ. 1990 ರಾಗ 124 ಮೊಡವಿ ಇದ್ದವರ ಮ್ಯಾಲ ಇದರ 5 ಪರ್ಸೆಂಟ್ ಜೆಲ್ಲು, ಬೆಂಜಾಯಿಲ್ ಪೆರಾಕ್ಸೈಡ್ ಅಂತ ಮೆಡಿಕಲ್‌ದಾಗ ಸಿಗೋ ಮೊಡವಿ ಔಷಧಿ, ಕೆಲವರಿಗಿ ಒಂದು, ಉಳಿದವರಿಗಿ ಇನ್ನೊಂದು ಹಚ್ಚಿ ನೋಡಿದ್ರು. ಎರಡರಿಂದಾನೂ ಮೊಡವಿ ಕಮ್ಮಿ ಆದ್ವು, ಟೀ ಟ್ರೀ ತಡಾ ಮಾಡ್ತು, ಆದ್ರ ಉರಿ, ಒಣಗೋದು ಅದರಾಗ ಕಮ್ಮಿ ಇತ್ತು. ಅದಕ್ಕ ಎಂಟು ದಿನಕ್ಕ ಮಾರಿ ಹೊಳೀತದ ಅಂತ ಯಾರಾದ್ರೂ ವಿಡಿಯೋ ಮಾಡಿದ್ರ ಮುಂದ ತಳ್ರಿ.

ಏನೇನ್ ಬೇಕು

10 ಅಥವಾ 15 ಎಂಎಲ್‌ದು ಒಂದು ಸಣ್ಣ ಬಾಟ್ಲಿ ಎಣ್ಣಿ, ವಾಸನಿ ಬಣ್ಣ ಹೆಚ್ಚಿಲ್ಲದ ಸಾದಾ ಶಾಂಪೂ, ಟ್ಯೂಬಿನ ಅಲೋವೆರಾ ಜೆಲ್, ಒಂದು ಸಣ್ಣ ಸ್ಟೀಲ್ ಬಟ್ಟಲ, 5 ಎಂಎಲ್ ಹಿಡಿಯೋ ಚಮಚಾ, ಕಿವಿಗಿ ಹಾಕೋ ಹತ್ತಿ ಕಡ್ಡಿ, ಮೆಡಿಕಲ್‌ದಾಗ ಸಿಗೋ 2 ಎಂಎಲ್ ಸಿರಿಂಜ್ ಒಂದು, ಸೂಜಿ ಬ್ಯಾಡ. ಸಿರಿಂಜ್ ಯಾಕಂತ ಮುಂದ ಹೇಳ್ತೀನಿ.

1. ಬಾಟ್ಲಿ ನೋಡಿ ತಗೋರಿ

ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಅಂಗಡ್ಯಾಗ ತಗೋರಿ ಇಲ್ಲಾ ಆನ್‌ಲೈನ್ ತರಿಸ್ರಿ, ಲೇಬಲ್ ಮ್ಯಾಲ ಮೆಲಲ್ಯೂಕಾ ಆಲ್ಟರ್ನಿಫೋಲಿಯಾ ಅಂತ ಗಿಡದ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ಮೂರೂ ಇರಬೇಕು. ಬಾಟ್ಲಿ ಕಂದು ಇಲ್ಲಾ ಕಡು ಬಣ್ಣದ ಗಾಜಿಂದೇ ಇರಬೇಕು, ಬಿಳೀ ಪ್ಲಾಸ್ಟಿಕ್ ಬಾಟ್ಲಿ ಇದ್ರ ಬಿಡ್ರಿ. "ಫ್ರೇಗ್ರನ್ಸ್ ಆಯಿಲ್", "ಡಿಫ್ಯೂಸರ್ ಆಯಿಲ್" ಅಂತ ಬರದಿದ್ರ ಅದು ಮನಿ ವಾಸನಿಗಿ, ಮೈಗಲ್ಲ.

ಮನಿಗಿ ತಂದ ಮ್ಯಾಲ ಬಿಳೀ ಕಾಗದದ ಮ್ಯಾಲ ಒಂದ್ ಹನಿ ಬಿಟ್ಟು ಒಂದ್ ದಿನ ಇಡ್ರಿ. ಚೊಕ್ಕ ಎಣ್ಣಿ ಹಾರಿಹೋಗ್ತದ, ಕಲಿ ಉಳಿದ್ರೂ ಬರೇ ನೆರಳಿನಷ್ಟು. ಬಜಿ ಇಟ್ಟ ಪೇಪರ್ ಹಂಗ ಜಿಡ್ಡು ಉಳೀತು ಅಂದ್ರ ಯಾವುದೋ ಅಡಗಿ ಎಣ್ಣ್ಯಾಗ ಕಲಸ್ಯಾರ. ಇದರಿಂದ ಎಲ್ಲಾ ಕಲಬೆರಕಿ ಗೊತ್ತಾಗಲ್ಲ, ಆದ್ರ ಸೋವಿ ಮೋಸ ಸಿಕ್ಕಬೀಳ್ತದ. ಬಣ್ಣ ನೀರಿನಂಗ ಇಲ್ಲಾ ತೆಳ್ಳಗ ಹಳದಿ, ವಾಸನಿ ಕರ್ಪೂರ ನೀಲಗಿರಿ ಕೂಡಿದಂಗ ಇರಬೇಕು.

2. ಹನಿ ಲೆಕ್ಕ ಹಾಕ್ರಿ

ಇಲ್ಲೇ ಭಾಳ ಮಂದಿ ಎಡವೋದು. ಸಾಮಾನ್ಯವಾಗಿ 20 ಹನಿಗಿ 1 ಎಂಎಲ್ ಅಂತ ಲೆಕ್ಕ, ಆದ್ರ ಒಂದೊಂದು ಬಾಟ್ಲಿ ಮೂತಿ ಒಂದೊಂದು ನಮೂನಿ, ಕೆಲವು ಬಾಟ್ಲಿ ಬಗ್ಗಿಸಿದ್ರ ಸಾಕು ಸುರದೇ ಬಿಡ್ತಾವ. ಅದಕ್ಕ ಸಿರಿಂಜ್. ಬಟ್ಟಲದಾಗ 20 ಹನಿ ಹಾಕಿ ಸಿರಿಂಜ್‌ಲೆ ಎಳದು ನೋಡ್ರಿ, 1 ಎಂಎಲ್ ಆಸುಪಾಸು ಬಂದ್ರ ಲೆಕ್ಕ ಸರಿ. ಒಂದೂವರಿ ಎರಡರ ಹತ್ರ ಬಂತಂದ್ರ ನಿಮ್ಮ ಬಾಟ್ಲಿ ಹನಿ ದಪ್ಪ ಅವ, ಕೆಳಗ ನಾ ಹೇಳೋ ಹನಿ ಅರ್ಧಾ ಮಾಡ್ಕೋರಿ. ಎಳದ ಎಣ್ಣಿ ಚೆಲ್ಲಬ್ಯಾಡ್ರಿ, 100 ಎಂಎಲ್ ಶಾಂಪೂದಾಗ ಕಲಸಿ ಅದನ್ನೇ ಮೊದ್ಲ ಖರ್ಚ ಮಾಡ್ರಿ, 1 ಪರ್ಸೆಂಟ್ ಆಗ್ತದ, ಶುರು ಮಾಡೋರಿಗಿ ಅದು ಬರೋಬ್ಬರಿ.

ಚಮಚಾ ಅಂದ್ರ 5 ಎಂಎಲ್. ಒಂದ್ ಚಮಚಾ ಶಾಂಪೂಗಿ 1 ಹನಿ ಹಾಕಿದ್ರ ಹತ್ರಹತ್ರ 1 ಪರ್ಸೆಂಟ್, 2 ಹನಿ ಅಂದ್ರ 2, 5 ಹನಿ ಅಂದ್ರ 5 ಪರ್ಸೆಂಟ್. ಇದೊಂದು ತಲ್ಯಾಗ ಇಟ್ಕೊಂಡ್ರ ಬ್ಯಾರೆ ಗಣಿತ ಬೇಕಾಗಲ್ಲ. 5 ದಾಟಬ್ಯಾಡ್ರಿ, ತಲಿಗೂ ದಾಟಬ್ಯಾಡ್ರಿ ಮಾರಿಗೂ ದಾಟಬ್ಯಾಡ್ರಿ.

ಇನ್ನೊಂದು, ಬಕೀಟ ನೀರಿಗಿ ನಾಕ್ ಹನಿ ಹಾಕಿ ತಲಿ ಮ್ಯಾಲ ಸುರಕೊಳ್ಳೋರು ಅದಾರ. ಎಣ್ಣಿ ನೀರಾಗ ಕಲಿಯಲ್ಲ, ಮ್ಯಾಲ ತೇಲ್ತದ, ಆ ತೇಲೋದೇ ಹಂಗೇ ಬಂದು ಕಣ್ಣಿಗಿ ಹತ್ತಿದ್ರ ಆ ಉರಿ ಅನುಭವಿಸಿದವರಿಗೇ ಗೊತ್ತು.

3. ಮೊಣಕೈ ಒಳಗ ಹಚ್ಚಿ ನೋಡ್ರಿ

ಇದಕ್ಕ ಪ್ಯಾಚ್ ಟೆಸ್ಟ್ ಅಂತಾರ, ಅಂದ್ರ ಮೈ ಎಲ್ಲಾ ಹಚ್ಚೋಕಿಂತ ಮೊದ್ಲ ಒಂದ್ ಸಣ್ಣ ಜಾಗಾದಾಗ ಪರೀಕ್ಷಾ. ಅರ್ಧಾ ಚಮಚಾ ಜೆಲ್‌ದಾಗ 1 ಹನಿ ಕಲಸಿ ಮೊಣಕೈ ಒಳಮಗ್ಗಲಿಗಿ ಎಂಟಾಣೆ ಅಗಲ ಹಚ್ಚಿ ಎರಡು ದಿನ ಕಾಯ್ರಿ. ಕೆಲವರಿಗಿ ಅಲರ್ಜಿ ಎರಡನೇ ದಿನಾನೇ ಏಳ್ತದ, ಅದಕ್ಕ ಒಂದ್ ತಾಸು ನೋಡಿ "ಏನೂ ಆಗ್ಲಿಲ್ಲ" ಅನ್ನೋದು ಲೆಕ್ಕಕ್ಕ ಇಲ್ಲ. ಕೆಂಪಾದ್ರ, ತುರಸಿದ್ರ, ನೀರ್ಗುಳ್ಳಿ ಎದ್ರ ನಿಮಗಿದು ಬ್ಯಾಡ, ಬಾಟ್ಲಿಗಿ ಕೊಟ್ಟ ರೊಕ್ಕ ಹೋಯ್ತು ಅಂತ ಮತ್ತೊಮ್ಮಿ ತೆಳ್ಳಗ ಮಾಡಿ ಹಚ್ಚಿ ನೋಡೋ ಸಾಹಸಾನೂ ಬ್ಯಾಡ.

4. ತಲಿಗಿ ಹಚ್ಚೋ ಪದ್ಧತಿ

ಹನಿ ಅಳದು ಕಲಸಿದ ಆ 1 ಪರ್ಸೆಂಟಿನ ಶಾಂಪೂ ಮುಗದ ಮ್ಯಾಲ, ಮೊದಲನೇ ವಾರ ಒಂದ್ ಚಮಚಾ ಶಾಂಪೂಗಿ 2 ಹನಿ, ಏನೂ ತ್ರಾಸ್ ಇಲ್ಲಂದ್ರ ಎರಡನೇ ವಾರದಿಂದ 5 ಹನಿ. ಉದ್ದ ಕೂದ್ಲಿದ್ದವರು ಎರಡು ಚಮಚಾ ಶಾಂಪೂಗಿ 10 ಹನಿ. ಬಟ್ಟಲದಾಗ ಬೆರಳ್ಲೆ ಛಲೋ ತಿರುವಿ, ಆ ಹೊತ್ತಿಗಿ ಎಷ್ಟು ಬೇಕೋ ಅಷ್ಟೇ ಕಲಸ್ರಿ.

ತಲಿ ಪೂರಾ ತೋಯಿಸ್ಕೊಂಡು, ಬಾಚಣಿಕಿ ಹಿಂದಿನ ಕಡ್ಡಿಲೆ ಬೈತಲಿ ತಗದಂಗ ಅಲ್ಲಲ್ಲಿ ಸೀಳಿ ಬುಡಕ್ಕ ಹಚ್ರಿ. ಕೂದ್ಲಿಗಿ ಅಲ್ಲ, ತಲಿ ಚರ್ಮಕ್ಕ. ನಮ್ಮ ಮಂದಿ ಶಾಂಪೂ ಅಂದ್ರ ನೆತ್ತಿ ಮ್ಯಾಲ ಸುರದು ಜುಟ್ಟು ತಿಕ್ಕಿ ನೊರಿ ಬಂದ ಕೂಡ್ಲೇ ತೊಳದೇ ಬಿಡ್ತಾರ, ಹೊಟ್ಟು ಇರೋದು ಕಿವಿ ಹಿಂದ, ಕುತ್ತಿಗಿ ಮ್ಯಾಲ, ಹಣಿ ಅಂಚಿಗಿ, ಅಲ್ಲಿ ಕೈನೇ ಹೋಗಿರಲ್ಲ. ಬೆರಳಿನ ತುದಿಲೆ ತಿಕ್ರಿ, ಉಗುರು ಹಚ್ಚಬ್ಯಾಡ್ರಿ, ಗೀರಿದ ಚರ್ಮದ ಮ್ಯಾಲ ಈ ಎಣ್ಣಿ ಬಿದ್ರ ಉರೀತದ. ಹಚ್ಚಿ 3 ರಿಂದ 5 ನಿಮಿಷ ಬಿಡ್ರಿ, ಆ ಅಧ್ಯಯನದಾಗೂ ಮಂದಿ ಮೂರು ನಿಮಿಷಾನೇ ಬಿಡ್ತಿದ್ರು. ಸಣ್ಣಗ ತಂಪು ತಂಪು, ಜುಂ ಅಂದಂಗ ಆಗೋದು ಸಹಜ. ಉರಿ ಅನಿಸಿದ್ರ ಕಾಯಬ್ಯಾಡ್ರಿ, ತೊಳದು ಬಿಡ್ರಿ. ತೊಳೆಯೋವಾಗ ತಲಿ ಹಿಂದಕ್ಕ ಚಾಚಿ ತೊಳೀರಿ, ಮುಂದಕ್ಕ ಬಗ್ಗಿದ್ರ ಎಲ್ಲಾ ಕಣ್ಣಿಗೇ ಬರ್ತದ.

ವಾರಕ್ಕ ಮೂರು ಸಲ. ಬ್ಯಾಸಿಗ್ಯಾಗ ಬೆವರು, ಧೂಳ, ಹೆಲ್ಮೆಟ್ ಎಲ್ಲಾ ಸೇರಿ ತಲಿ ಭಾಳ ಜಿಡ್ಡಾಗೋರು ದಿನ ಬಿಟ್ಟು ದಿನ ಮಾಡ್ರಿ. ಒಂದ್ ಲೆಕ್ಕ ಹೇಳ್ತೀನಿ: 10 ಎಂಎಲ್ ಬಾಟ್ಲ್ಯಾಗ ಹೆಚ್ಚುಕಮ್ಮಿ 200 ಹನಿ, ಸಲಕ್ಕ 5 ಹನಿ ಅಂದ್ರ 40 ಸಲ, ವಾರಕ್ಕ ಮೂರರಂತೆ ಮೂರು ತಿಂಗಳು. ದೊಡ್ಡ ಬಾಟ್ಲಿ ತಗೋಬ್ಯಾಡ್ರಿ ಅನ್ನೋದು ಇದಕ್ಕೇ. ನಾಲ್ಕು ವಾರ ತಪ್ಪಿಸದೇ ಹಚ್ಚಿ ಆಮ್ಯಾಲ ತೀರ್ಮಾನ ಮಾಡ್ರಿ. ಕಮ್ಮಿ ಆಯ್ತಂದ್ರ ವಾರಕ್ಕ ಒಂದ್ ಸಲಕ್ಕ ಇಳಸ್ರಿ, ಪೂರಾ ಬಿಟ್ರ ಕೆಲವು ವಾರದಾಗ ಮತ್ತ ಬರ್ತದ, ಯಾಕಂದ್ರ ಆ ಫಂಗಸ್ ತಲಿ ಬಿಟ್ಟು ಎಲ್ಲೂ ಹೋಗಿರಲ್ಲ.

ಎಣ್ಣಿ ಚಂಪಿ ವಿಷಯ. ಹೊಟ್ಟು ಕಂಡ ಕೂಡ್ಲೇ ಮನ್ಯಾಗ "ತಲಿ ಒಣಗ್ಯಾದ ನೋಡು, ಎಣ್ಣಿ ಹಚ್ಕೋ" ಅಂತಾರ. ಆ ಫಂಗಸ್ ಬದುಕೋದೇ ಜಿಡ್ಡಿನ ಮ್ಯಾಲ ಅಂದ್ಮ್ಯಾಲ ರಾತ್ರಿ ಪೂರಾ ಕೊಬ್ರಿ ಎಣ್ಣಿ ಬಿಡೋದು ಅದಕ್ಕ ಊಟ ಹಾಕಿದಂಗೇ, ಅದರಾಗ ನಾಕ್ ಹನಿ ಟೀ ಟ್ರೀ ಬೆರಸಿದ್ರೂ ಈ ಮಾತು ಬದಲಾಗಲ್ಲ. ಪದರ ಮೆತ್ತಗಾಗಿ ಅಂಟ್ಕೊಂಡು ಕೂಡ್ತದ, ಕಾಣಲ್ಲ, ಕಾಣಲ್ಲಂದ್ರ ಹೋಯ್ತು ಅಂತ ತಿಳ್ಕೋತೀವಿ. ಅವ್ವನ ಮಾತು ಮೀರ್ಲಿಕ್ಕಾಗಲ್ಲ ಅನ್ನೋರು ಜಳಕಕ್ಕ ಒಂದ್ ತಾಸು ಮೊದ್ಲ ಕೂದ್ಲಿನ ಉದ್ದಕ್ಕಷ್ಟೇ ಹಚ್ರಿ, ಬುಡಕ್ಕ ಬ್ಯಾಡ. ರಾತ್ರಿ ಎಣ್ಣಿ ಹಚ್ಚಿ ಮಲಗೋರಿಗಿ ಹಣಿ ಅಂಚಿನ ಮ್ಯಾಲ ಸಣ್ಣ ಸಣ್ಣ ಗುಳ್ಳಿ ಏಳೋದಕ್ಕೂ ಭಾಳ ಸಲ ಇದೇ ಕಾರಣ, ಎಣ್ಣಿ ಬಿಟ್ಟು ದಿಂಬಿನ ಕವರ್ ವಾರಕ್ಕೆರಡು ಸಲ ಬದಲಿಸಿದ್ರ ಅರ್ಧಾ ಕೆಲಸ ಹಂಗೇ ಆಗಿರ್ತದ.

ನೀರಿಂದೂ ಹೇಳಲೇಬೇಕು. ಶಹಾಬಾದ್, ಸೇಡಂ, ವಾಡಿ ಕಡಿ ನೆಲದಾಗ ಇರೋದೇ ಸುಣ್ಣದ ಕಲ್ಲು, ಬೋರಿನ ನೀರು ಗಡಸು, ಬಕೀಟಿಗಿ ಬಿಳೀ ಸುಣ್ಣದ ಪದರ ಕಟ್ತದ ನೋಡ್ರಿ, ಆ ನೀರಾಗ ಶಾಂಪೂ ನೊರಿ ಬರಲ್ಲ, ನೊರಿ ಬರಲ್ಲಂತ ಇನ್ನಷ್ಟು ಶಾಂಪೂ ಸುರೀತೀವಿ, ಅದು ಸರಿಯಾಗಿ ಹೋಗ್ದೇ ಒಣಗಿ ಬಿಳೀ ಪುಡಿ ಉದುರ್ತದ, ಅದನ್ನ ಹೊಟ್ಟು ಅಂದ್ಕೊಂಡು ಮತ್ತ ಔಷಧಿ. ನಿಮ್ಮದು ಒಣಾ ಹಿಟ್ಟಿನಂಥ ಪುಡಿ ಇದ್ದು ತುರಕಿ ಇಲ್ಲಂದ್ರ ಮೊದ್ಲ ತೊಳೆಯೋದು ಸುಧಾರಿಸ್ರಿ: ಶಾಂಪೂ ನೀರಾಗ ಕಲಸಿ ತೆಳ್ಳಗ ಮಾಡಿ ಹಚ್ರಿ, ಹೆಚ್ಚು ನೀರಿಲೆ ತೊಳೀರಿ, ಕಡೀಕ ಎರಡು ತಂಬಗಿ ಫಿಲ್ಟರ್ ನೀರು ಸುರಕೋರಿ. ಖರೇ ಹೊಟ್ಟು ಸ್ವಲ್ಪ ಹಳದಿ, ಜಿಡ್ಡು ಜಿಡ್ಡು, ಉಗುರಿನ್ಯಾಗ ಹಿಡ್ಕೊಳ್ತದ.

5. ಮೊಡವಿಗಿ ಹಚ್ಚೋದು

ಮಾರಿ ಚರ್ಮ ತಲಿ ಚರ್ಮಕ್ಕಿಂತ ನಾಜೂಕು, ಇಲ್ಲಿ ನನ್ನ ಸಲಹಾ ಇನ್ನೂ ಬಿಗಿ. ಸಣ್ಣ ಕೆಂಪು ಗುಳ್ಳಿ, ತುದಿಗಿ ಕೀವು ಇರೋ ಅಲ್ಲೊಂದು ಇಲ್ಲೊಂದು ಮೊಡವಿ ಇದ್ರ ಇದು ಉಪಯೋಗ ಬೀಳ್ತದ. ಒಳಗ ಗಂಟು ಕಟ್ಟಿ ಮುಟ್ಟಿದ್ರ ನೋಯೋ ಮೊಡವಿ, ಕುಣಿ ಬೀಳೋ ಮೊಡವಿಗಿ ಬ್ಯಾಡ, ಅದಕ್ಕ ಡಾಕ್ಟ್ರೇ ಬೇಕು, ತಡಾ ಮಾಡಿದಷ್ಟು ಕಲಿ ಉಳೀತಾವ.

ಅರ್ಧಾ ಚಮಚಾ ಜೆಲ್‌ಗಿ 1 ಹನಿ, ಅಂದ್ರ 2 ಪರ್ಸೆಂಟ್. ಜೆಲ್ ನೀರಿನ ಜಾತಿ ಆಗಿದ್ದಕ್ಕ ಎಣ್ಣಿ ಪೂರಾ ಬೆರಿಯಲ್ಲ, ಬೆಳ್ಳಗ ಹಾಲಿನಂಗ ಆಗೋತನ ತಿರುವ್ರಿ. ಇಷ್ಟು ಉಸಾಬರಿ ಬ್ಯಾಡ ಅನ್ನೋರಿಗಿ 5 ಪರ್ಸೆಂಟಿನ ರೆಡಿ ಜೆಲ್ಲೇ ಛಲೋ, ಅದರಾಗ ಸಮಾ ಬೆರತಿರ್ತದ. ಹಿತ್ತಲದಾಗಿನ ಲೋಳಸರ ಕೊಯ್ದು ಹಚ್ಚೋರು ಒಂದ್ ಗಮನಿಸ್ರಿ, ಕೊಯ್ದ ಕೂಡ್ಲೇ ಸೋರೋ ಹಳದಿ ರಸ ಚರ್ಮಕ್ಕ ತುರಕಿ ತರ್ತದ, ಅದನ್ನ ಸೋರಲಿಕ್ಕ ಬಿಟ್ಟು ತೊಳೀದೇ ಹಚ್ಚಿ ಟೀ ಟ್ರೀ ಮ್ಯಾಲ ಅಪವಾದ ಹಾಕಬ್ಯಾಡ್ರಿ.

ರಾತ್ರಿ ಮಾರಿ ಸೌಮ್ಯ ಫೇಸ್‌ವಾಶ್‌ಲೆ ತೊಳದು, ಪೂರಾ ಒಣಗಿದ ಮ್ಯಾಲ ಹತ್ತಿ ಕಡ್ಡಿಲೆ ಮೊಡವಿ ಮ್ಯಾಲಷ್ಟೇ ಮುಟ್ಟಿಸ್ರಿ. ಮಾರಿ ತುಂಬ ಬಳಕೊಳ್ಳೋದಲ್ಲ. ಕಣ್ಣಿನ ಸುತ್ತ, ತುಟಿ, ಮೂಗಿನ ಹೊಳ್ಳಿ ಹತ್ರ ಹೋಗಬ್ಯಾಡ್ರಿ, ದಾಡಿ ಮಾಡ್ಕೊಂಡ ದಿನ ಬ್ಯಾಡ, ಒಡಕೊಂಡ ಮೊಡವಿ ಮ್ಯಾಲ ಬ್ಯಾಡ. ಮೊದಲನೇ ವಾರ ದಿನ ಬಿಟ್ಟು ದಿನ, ಆಮ್ಯಾಲ ದಿನಾ ರಾತ್ರಿ. ಚರ್ಮ ಬಿಗದಂಗ ಆದ್ರ ಮ್ಯಾಲ ಸಾದಾ ಮಾಯಿಶ್ಚರೈಸರ್. ಆರು ವಾರ ಕಾಯ್ರಿ, ಏನೂ ಫರಕ್ ಇಲ್ಲಂದ್ರ ಬಿಟ್ಟು ಬ್ಯಾರೆ ಔಷಧಿ ನೋಡ್ರಿ.

ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್, ಸ್ಯಾಲಿಸಿಲಿಕ್ ಆ್ಯಸಿಡ್ ಇವೆಲ್ಲಾ ಮೊಡವಿ ಔಷಧಿಗೋಳು, ಒಂದೊಂದೂ ಚರ್ಮ ಒಣಗಿಸ್ತಾವ. ಇವುಗಳ ಮ್ಯಾಲ ಟೀ ಟ್ರೀ ಹಚ್ಚಿದ್ರ ಬೇಗ ಹೋಗಲ್ಲ, ಸಿಪ್ಪಿ ಏಳ್ತದ ಅಷ್ಟೇ. ಲಿಂಬಿ ಹಣ್ಣಿನ ರಸ, ಅಡಗಿ ಸೋಡಾ, ಟೂತ್‌ಪೇಸ್ಟ್ ಜೊತಿ ಕಲಸೋದಂತೂ ಬ್ಯಾಡೇ ಬ್ಯಾಡ.

ಇದಕ್ಕಿಂತ ದೊಡ್ಡ ಮಾತು ಒಂದದ. ಮೆಡಿಕಲ್‌ದಾಗ "ಮಾರಿ ಬೆಳ್ಳಗಾಗ್ತದ, ಮೊಡವಿ ಹೋಗ್ತಾವ" ಅಂತ ಚೀಟಿ ಇಲ್ಲದೇ ಕೊಡೋ ಮಿಕ್ಸ್ ಕ್ರೀಮ್‌ಗಳಾಗ ಸ್ಟೀರಾಯ್ಡ್ ಇರ್ತದ, ಅಂದ್ರ ಬಾವು ಕೆಂಪು ಕೂಡ್ಲೇ ಇಳಿಸೋ ಜೋರು ಔಷಧಿ. ನಾಕ್ ದಿನ ಮಾರಿ ಫಳಫಳ, ಆಮ್ಯಾಲ ಚರ್ಮ ತೆಳ್ಳಗಾಗಿ, ಬಿಟ್ಟ ಕೂಡ್ಲೇ ಇದ್ದಿದ್ದಕ್ಕಿಂತ ಹೆಚ್ಚು ಮೊಡವಿ, ಬಿಸಲಿಗಿ ಹೋದ್ರ ಉರಿ. ಇಂಥಾ ಕ್ರೀಮ್ ಹಚ್ತಿರೋರು ಅದರ ಜೊತಿ ಟೀ ಟ್ರೀ ಹಚ್ಚಬ್ಯಾಡ್ರಿ, ಮೊದ್ಲ ಚರ್ಮದ ಡಾಕ್ಟ್ರಿಗಿ ತೋರ್ಸಿ ಅದನ್ನ ಹೆಂಗ ಬಿಡೋದು ಕೇಳ್ರಿ.

6. ಬಾಟ್ಲಿ ಎಲ್ಲಿಡೋದು

ಗಾಳಿ, ಬೆಳಕು, ಬಿಸಿ ಈ ಮೂರಕ್ಕೂ ಈ ಎಣ್ಣಿ ಕೆಡ್ತದ, ಕೆಟ್ಟ ಎಣ್ಣಿನೇ ಹೆಚ್ಚು ಅಲರ್ಜಿ ತರೋದು. ಏಪ್ರಿಲ್ ಮೇದಾಗ ನಮ್ಮಲ್ಲಿ 42 ಡಿಗ್ರಿ ದಾಟ್ತದ, ಮ್ಯಾಲಿನ ಮಾಳಗಿ ಖೋಲಿ ಭಟ್ಟಿ ಆಗಿರ್ತದ, ಅಂಥಲ್ಲಿ ಕಿಟಕಿ ಮ್ಯಾಲ ಇಟ್ಟ ಬಾಟ್ಲಿ ನಂಬಬ್ಯಾಡ್ರಿ. ಮುಚ್ಚಳ ಬಿಗೀ ಮಾಡಿ ಕವರ್‌ನ್ಯಾಗ ಸುತ್ತಿ ಫ್ರಿಜ್ ಬಾಗಿಲದಾಗ ಇಡ್ರಿ, ಮಕ್ಕಳ ಕೈಗಿ ಸಿಗದಂಗ ಮ್ಯಾಲಿನ ಅಂತಸ್ತಿನ್ಯಾಗ. ರಬ್ಬರ್ ಡ್ರಾಪರ್ ಬಾಟ್ಲ್ಯಾಗೇ ಬಿಡಬ್ಯಾಡ್ರಿ, ಎಣ್ಣಿಗಿ ರಬ್ಬರ್ ಮೆತ್ತಗಾಗಿ ಕರಗ್ತದ. ತೆರದ ತಾರೀಖು ಬಾಟ್ಲಿ ಮ್ಯಾಲ ಪೆನ್ನಿಲೆ ಬರೀರಿ, ಆರು ತಿಂಗಳಾದ ಮ್ಯಾಲ ಚರ್ಮಕ್ಕ ಬ್ಯಾಡ. ವಾಸನಿ ಪೇಂಟ್ ತೆಳು ಮಾಡೋ ಟರ್ಪೆಂಟೈನ್ ನಮೂನಿ ಚುಚ್ಚಿದ್ರ ಇಲ್ಲಾ ಎಣ್ಣಿ ಮಂದ ಆಗಿದ್ರ ಅದಕ್ಕಿಂತ ಮೊದ್ಲೇ ಚೆಲ್ರಿ.

7. ಯಾರಿಗಿ ಬ್ಯಾಡ, ಯಾವಾಗ ದವಾಖಾನಿ

ಇದು ಕುಡಿಯೋದಲ್ಲ. ಹೊಟ್ಟಿಗಿ ಹೋದ್ರ ವಿಷ, ಸಣ್ಣ ಮಕ್ಕಳು ಸ್ವಲ್ಪ ಕುಡದ್ರೂ ಮಂಪರು ಬರೋದು, ನಡಿಗಿ ತಪ್ಪೋದು, ಎಚ್ಚರ ತಪ್ಪೋದು ಆಗ್ತದ. ಹಂಗೇನಾದ್ರೂ ಆದ್ರ ವಾಂತಿ ಮಾಡಿಸ್ಲಿಕ್ಕ ಹೋಗಬ್ಯಾಡ್ರಿ, ಬಾಟ್ಲಿ ಸಮೇತ ನೇರ ದವಾಖಾನಿಗಿ. ಕಣ್ಣಿಗಿ ಬಿದ್ರ ಹದಿನೈದು ನಿಮಿಷ ತಣ್ಣೀರಿಲೆ ತೊಳೀರಿ, ಉರಿ ನಿಲ್ಲಲಿಲ್ಲಂದ್ರ ತೋರಸ್ರಿ. ನಾಯಿ ಬೆಕ್ಕಿಗಿ ಉಣ್ಣಿ ಹೋಗ್ಲಿ ಅಂತ ಹಚ್ಚೋರು ಅದಾರ, ಅವಕ್ಕಿದು ವಿಷ. ಬಸುರಿ ಬಾಣಂತೇರು, ಸಣ್ಣ ಮಕ್ಕಳಿಗಿ ಡಾಕ್ಟ್ರನ್ನ ಕೇಳದೇ ಬ್ಯಾಡ.

ಮಕ್ಕಳ ತಲ್ಯಾಗ ಹೊಟ್ಟಿನ ಜೊತಿ ಕೂದ್ಲು ದುಂಡಗ ಉದುರ್ಲಿಕತ್ತಿದ್ರ ಅದು ಗಜಕರ್ಣ ಇರಬಹುದು, ಅದಕ್ಕ ಬಾಯಿಲೆ ನುಂಗೋ ಗುಳಿಗಿ ಬೇಕು, ಮ್ಯಾಲ ಏನ್ ಹಚ್ಚಿದ್ರೂ ಹೋಗಲ್ಲ. ದಪ್ಪ ಬೆಳ್ಳಿ ಬಣ್ಣದ ಪದರ ಹಣಿ ಮ್ಯಾಲ ಇಳದಿದ್ರ, ಮೊಣಕೈ ಮೊಣಕಾಲಿಗೂ ಇದ್ರ ಸೋರಿಯಾಸಿಸ್ ಅನ್ನೋ ಚರ್ಮರೋಗದ ಸಂಶಯ. ಹುಬ್ಬು, ಮೂಗಿನ ಮಗ್ಗಲು ಕೆಂಪಾಗಿ ಸಿಪ್ಪಿ ಏಳ್ತಿದ್ರೂ ತೋರಸ್ರಿ. ಹೊಟ್ಟು ಭಾಳ ಜೋರಿದ್ದವರಿಗಿ ನನ್ನ ಕೇಳಿದ್ರ ಮೊದ್ಲ ಟೀ ಟ್ರೀ ಅಲ್ಲ, 2 ಪರ್ಸೆಂಟಿನ ಕೀಟೋಕೊನಜೋಲ್ ಶಾಂಪೂ, ಆ ಫಂಗಸ್ ಕೊಲ್ಲಲಿಕ್ಕೇ ಮಾಡಿದ್ದು, ವಾರಕ್ಕೆರಡು ಸಲ ಐದು ನಿಮಿಷ ಬಿಟ್ಟು ತೊಳದ್ರ ಜಲ್ದಿ ಹಿಡಿತಕ್ಕ ಬರ್ತದ. ಟೀ ಟ್ರೀ ಅದಾದ ಮ್ಯಾಲ ಇಟ್ಕೊಳ್ರಿ, ಎರಡೂ ಒಂದೇ ದಿನ ಬ್ಯಾಡ.

ಕಲಬುರಗ್ಯಾಗ ಜಿಮ್ಸ್, ಬೀದರದಾಗ ಬ್ರಿಮ್ಸ್, ಯಾದಗಿರ್ಯಾಗ ಯಿಮ್ಸ್, ಮೂರೂ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿ, ಅಲ್ಲಿ ಚರ್ಮದ ಡಾಕ್ಟ್ರಿಗಿ ತೋರಸ್ಲಿಕ್ಕ ಮುಂಜಾನಿ ಲಗೂ ಹೋಗಿ ಚೀಟಿ ಮಾಡಸ್ರಿ. ಹೋಗೋವಾಗ ಹಚ್ಚಿದ ಎಣ್ಣಿ, ಶಾಂಪೂ, ಕ್ರೀಮ್ ಟ್ಯೂಬ್ ಎಲ್ಲಾ ಒಂದ್ ಚೀಲದಾಗ ಹಾಕ್ಕೊಂಡು ಒಯ್ರಿ, ಕೆಂಪಾದ ದಿನದ ಫೋಟೋ ಮೊಬೈಲ್‌ದಾಗ ಇದ್ರ ತೋರಸ್ರಿ, ಆ ದಿನ ಮುಂಜಾನಿ ಮಾರಿಗಿ ಪೌಡರ್, ತಲಿಗಿ ಎಣ್ಣಿ ಹಚ್ಕೊಂಡು ಹೋಗಬ್ಯಾಡ್ರಿ, ಡಾಕ್ಟ್ರಿಗಿ ಏನೂ ಕಾಣಲ್ಲ.